ಖಾಸಗಿ ಪಂಕ್ತಿ

ಊಟಕ್ಕೆ ಎಷ್ಟು ಜನ ಎಂದು ಕೇಳಿದರೆ ನಮ್ಮ ಹಿರೇಗುಂಟನೂರಿನಲ್ಲಿ ಜನದ ಲೆಕ್ಕ ಹೇಳುವುದಿಲ್ಲ, ಅಕ್ಕಿಯ ಲೆಕ್ಕ ಹೇಳುತ್ತಾರೆ. ಎರಡು ಕ್ವಿಂಟಾಲಿನ ಮದುವೆ, ಅರ್ಧ ಮೂಟೆಯ ನಾಮಕರಣ, ಹತ್ತು ಸೇರಿನ ತಿಥಿ. ಬಂದವರು ಉಣ್ಣುತ್ತಾರೆ, ಬಾರದವರ ಮನೆಗೆ ಬುತ್ತಿ ಹೋಗುತ್ತದೆ. ಇಂಥ ಊರಿನವನನ್ನು ಬೆಂಗಳೂರಿನ ಒಂದು ದುಬಾರಿ ರೆಸ್ಟೋರೆಂಟಿನ ಮ್ಯಾನೇಜರು ಫೋನಿನಲ್ಲಿ ಕೇಳಿದರು: "ಸರ್, ನಿಮ್ಮ ಮಿನಿಮಮ್ ಗ್ಯಾರಂಟಿ ಎಷ್ಟು?"

2023ರ ಚುನಾವಣೆಯಿಂದೀಚೆಗೆ ಗ್ಯಾರಂಟಿಯೆಂದರೆ ಸರ್ಕಾರ ನಮಗೆ ಕೊಡುವಂಥದ್ದು. ಇದು ನಾವು ಅವರಿಗೆ ಕೊಡಬೇಕಾದದ್ದು. ಇಷ್ಟು ಪ್ಲೇಟು ಎಂದು ಮೊದಲೇ ಬರೆದುಕೊಡಬೇಕು. ಕಡಿಮೆ ಜನ ಬಂದರೂ ಅಷ್ಟಕ್ಕೂ ದುಡ್ಡು ಕಟ್ಟಬೇಕು, ಹೆಚ್ಚು ಬಂದರೆ ಹೆಚ್ಚು ಕಟ್ಟಬೇಕು. ಹೊರಗಿನ ತಿಂಡಿ ತರುವಂತಿಲ್ಲ. ಅರ್ಧ ದುಡ್ಡು ಮುಂಗಡ. ಮುಂಗಡವೇಕೆ ಎಂದು ನಾನು ಕೇಳಲಿಲ್ಲ. 1868ರಲ್ಲಿ ಶುರುವಾದ ಬೆಂಗಳೂರು ಕ್ಲಬ್ಬಿನ 1899ರ ದಾಖಲೆಯಲ್ಲಿ ಲೆಫ್ಟಿನೆಂಟ್ ವಿನ್‌ಸ್ಟನ್ ಚರ್ಚಿಲ್ ಹೆಸರಿನ ಮುಂದೆ ವಸೂಲಾಗದ 13 ರೂಪಾಯಿ ಬಾಕಿ ಇವತ್ತಿಗೂ ಹಾಗೇ ಕೂತಿದೆ. ಆ ಮನುಷ್ಯ ಮುಂದೆ ಬ್ರಿಟನ್ನಿನ ಪ್ರಧಾನಿಯಾದ. ಅಂಥವನೇ ಕಟ್ಟದ ಊರಿನಲ್ಲಿ ಅಡಿಕೆ ಬೆಳೆಗಾರರನ್ನು ಯಾರು ನಂಬುತ್ತಾರೆ?

ದೊಡ್ಡಪ್ಪನಿಗೆ ಎಪ್ಪತ್ತು ತುಂಬಿತ್ತು. ಬೆಂಗಳೂರಿನ ಸಾಫ್ಟ್‌ವೇರ್ ಮಗ ಅಪ್ಪಾಜಿಗೆ ಭರ್ಜರಿ ಊಟ ಹಾಕಿಸುವ ಮನಸ್ಸು ಮಾಡಿದ. ಉಸ್ತುವಾರಿ ನನ್ನ ಪಾಲಿಗೆ ಬಂತು. ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡುವವನು ಮೆನು ಓದಬಲ್ಲ ಎಂಬ ನಂಬಿಕೆ. ನಾನು ಬೇಡ ಅನ್ನಲಿಲ್ಲ. ಅನ್ನುವುದಿರಲಿ, ಒಂದು ಹೊಸ ಫೈಲೇ ಕೊಂಡೆ. ಭೀಮಸಮುದ್ರದ ಅಡಿಕೆ ಮಂಡಿಯಲ್ಲಿ ನಾಲ್ಕು ಜನ ಸೇರಿದ ಹೊತ್ತು ನೋಡಿ ಫೋನ್ ಹಚ್ಚಿ, "ನಮಗೆ ಪಿಡಿಆರ್ ಬೇಕು, ಪ್ರೈವೇಟ್ ಡೈನಿಂಗ್ ರೂಮ್! ಬಫೆ ಬೇಡವೇ ಬೇಡ!" ಎಂದು ಕೂಗುತ್ತಿದ್ದೆ. ಊರಲ್ಲಿ ಪಿಡಿಓ ಬದಲಾಗುತ್ತಾರೆ, ಮೇಷ್ಟ್ರು ಮೇಲಿನವರ ಹತ್ತಿರ ಮಾತಾಡುತ್ತಿದ್ದಾರೆ ಎಂದು ಸುದ್ದಿಯಾಯಿತು. ಪಂಚಾಯ್ತಿ ಮೆಂಬರೊಬ್ಬರು ನನಗೆ ಟೀ ಕುಡಿಸಿದರು. ಕುಡಿದೆ.

ಗ್ಯಾರಂಟಿ 28 ಎಂದು ಬರೆದುಕೊಟ್ಟು, ಟಿಟಿ ಮಾಡಿಕೊಂಡು ಹೊರಟೆವು. ಹಿರಿಯೂರಿನಲ್ಲಿ ಟೀ, ದಾರಿಯುದ್ದ ಟೋಲು, ನೆಲಮಂಗಲದಲ್ಲಿ ಜಾಮು. ತಲುಪಿದೆವು.

ಈಗ ಮುದ್ದೆಯ ವಿಷಯ. ಇದನ್ನು ನಿಧಾನವಾಗಿಯೇ ಹೇಳಬೇಕು.

2023ನ್ನು ವಿಶ್ವಸಂಸ್ಥೆ ಸಿರಿಧಾನ್ಯದ ವರ್ಷವೆಂದು ಸಾರಿದ ಮೇಲೆ ರಾಗಿ ಪೇಟೆ ಸೇರಿ ದೊಡ್ಡ ಮನುಷ್ಯನಾಗಿದೆ. ಮೆನುವಿನಲ್ಲಿ ಅದರ ಹೆಸರು ಕಂಡಾಗ ನಮ್ಮವರ ಮುಖ ಅರಳಿತು. ಕೈಗವಸು ತೊಟ್ಟ ಹುಡುಗರು ಪ್ರತಿಯೊಬ್ಬರ ಮುಂದೆ ಒಂದೊಂದು ಕಪ್ಪು ಕಲ್ಲಿನ ಹಲಗೆ ಇಟ್ಟರು. ಹಲಗೆಯ ಮೇಲೆ ಕುಂಚದಲ್ಲಿ ಎಳೆದಂತೆ ಒಂದು ಗೀಟು ಸಾರು, ಒಂದೇ ಒಂದು ಕೊತ್ತಂಬರಿ ಎಲೆ, ಅದರ ಬುಡದಲ್ಲಿ ಸುಲಿದ ಅಡಿಕೆಯಷ್ಟು ಒಂದು ಮುದ್ದೆ.

ಯಾರೂ ಮಾತಾಡಲಿಲ್ಲ. ದೊಡ್ಡಪ್ಪ ಅದನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು, ದೀಪದ ಬೆಳಕಿಗೆ ಎತ್ತಿ, ಹೊರಳಿಸಿ ಹೊರಳಿಸಿ ನೋಡಿದರು. ಚಿತ್ರದುರ್ಗದ ಎಪಿಎಂಸಿಯಲ್ಲಿ ಆಯಸ್ಸು ಸವೆಸಿದ ಕೈ ಅದು.

"ರಾಶಿ ಅಲ್ಲ," ಎಂದರು.

"ಬೆಟ್ಟೆ ಇದ್ದಂಗೈತೆ ಭಾವ," ಎಂದರು ಎದುರಿಗೆ ಕೂತಿದ್ದ ನಮ್ಮ ಸೋದರಮಾವ.

"ಬಣ್ಣ ನೋಡು. ಕೆಂಪುಗೋಟು."

"ಅಪಿ ಯಾಕಾಗಬಾರದು?" ಎಂದು ಮೂಲೆಯಿಂದ ಒಬ್ಬರು ಸೇರಿಕೊಂಡರು. ಮೇಜಿನ ಆ ತುದಿಯಿಂದ ಈ ತುದಿಯವರೆಗೆ ಮುದ್ದೆಗಳು ದೀಪಕ್ಕೆ ಎದ್ದವು. ಕೈಗವಸಿನ ಹುಡುಗ ಇದು ಯಾವುದೋ ಪೂಜೆಯ ವಿಧಿಯಿರಬೇಕು ಎಂಬಂತೆ ಕೈ ಕಟ್ಟಿ ನಿಂತ.

ಮುದ್ದೆಯನ್ನು ಅಗಿಯಬಾರದು ಎಂಬುದು ನಮ್ಮ ಕಡೆ ಹಾಲುಹಲ್ಲಿನಲ್ಲೇ ಕಲಿಸುವ ಪಾಠ. ದೊಡ್ಡಪ್ಪ ಅದನ್ನು ಆ ಗೀಟಿನ ಮೇಲೆ ಉರುಳಿಸಿದರು. ಗೀಟು ಅಳಿಸಿತು. ನುಂಗಿದರು. ಆಮೇಲೆ ಬಲಗೈ ಹಾಗೇ ಹಿಡಿದು, ಊಟ ಶುರುವಾಗಲಿ ಎಂದು ಕಾದರು.

ಹುಡುಗ ಬಾಗಿ ಕೇಳಿದ, "ಹೇಗಿತ್ತು ಸರ್?"

"ಯಾವುದಪ್ಪ?"

"ರಾಗಿ ಮುದ್ದೆ ಸರ್."

"ಹೋಗಿದ್ದೇ ಗೊತ್ತಾಗಲಿಲ್ಲ ಕಣಪ್ಪ. ಇನ್ನೊಂದು ಇಕ್ಕು, ಈ ಸಲ ನೋಡ್ಕಂಡು ನುಂಗ್ತೀನಿ."

ಒಂದು ಐಟಂ ಒಮ್ಮೆಯೇ, ಮರುಬಡಿಸುವ ಪದ್ಧತಿ ಇಲ್ಲ ಎಂದು ಮ್ಯಾನೇಜರು ನಗುತ್ತಲೇ ಹೇಳಿದರು. ಆ ನಗು ನನಗೆ ಹಿಡಿಸಲಿಲ್ಲ. ಇಲ್ಲ ಅನ್ನುವವನು ಮುಖ ಗಂಟಿಕ್ಕಿ ಇಲ್ಲ ಅಂದರೆ ತಿರುಗಿ ಜಗಳವಾಡಬಹುದು. ನಗುವವನ ಹತ್ತಿರ ಏನು ಮಾಡುವುದು? ಫೈಲು ಬಿಚ್ಚಿ, ಗೊತ್ತಿದ್ದ ಇಂಗ್ಲಿಷೆಲ್ಲ ಖರ್ಚು ಮಾಡಿದೆ. ಕೊನೆಗೆ ಎತ್ತರದ ಟೋಪಿಯ ಚೆಫ್ ತಾವೇ ಬಂದರು. ದೊಡ್ಡಪ್ಪ ಎದ್ದು ಎರಡೂ ಕೈ ಮುಗಿದರು. ಆ ನಮಸ್ಕಾರಕ್ಕೆ ಕರಗಿದರೋ ಏನೋ, ಒಳಗಿಂದ ಇನ್ನೂ 28 ಮುದ್ದೆ ಬಿಸಿಬಿಸಿಯಾಗಿ ಬಂದವು.

ಅವನ್ನು ಯಾರೂ ಮುಟ್ಟುವಂತಿರಲಿಲ್ಲ. ದೊಡ್ಡಮ್ಮ ಸೆರಗು ಸಿಕ್ಕಿಸಿಕೊಂಡು ಎದ್ದು, ಹಲಗೆ ಹಲಗೆಗೂ ಹೋಗಿ ಅಷ್ಟನ್ನೂ ಒಂದು ತಟ್ಟೆಗೆ ಬಳಿದುಕೊಂಡರು. ಮಿನರಲ್ ವಾಟರಿನ ಗ್ಲಾಸಿನಲ್ಲಿ ಕೈ ಅದ್ದಿದರು. ಮಿದ್ದರು, ತಿರುವಿದರು, ತಟ್ಟೆಯಲ್ಲೇ ಗಿರಗಿರನೆ ಸುತ್ತಿಸಿದರು. ಇಪ್ಪತ್ತೆಂಟು ಸೇರಿ ಒಂದಾಯಿತು. ಒಂದು ಬಿರುಕಿಲ್ಲ, ಒಂದು ಗಂಟಿಲ್ಲ. ಅದನ್ನು ದೊಡ್ಡಪ್ಪನ ಮುಂದಿಟ್ಟು, "ಇದು ಮುದ್ದೆ," ಎಂದು ಚೆಫ್‌ಗೆ ಹೇಳಿದರು. ಚೆಫ್ ಜೇಬಿನಿಂದ ಮೊಬೈಲು ತೆಗೆದು ಫೋಟೋ ಹೊಡೆದುಕೊಂಡರು.

ದೊಡ್ಡಪ್ಪ ಮುದ್ದೆ ಮುರಿಯುವ ಮುಂಚೆ ಸುತ್ತ ನೋಡಿ, "ಡ್ರೈವರ್ ಎಲ್ಲೋ?" ಎಂದು ನನ್ನನ್ನು ಕೇಳಿದರು.

ಡ್ರೈವರ್ ನೆಲಮಾಳಿಗೆಯ ಪಾರ್ಕಿಂಗಿನಲ್ಲಿದ್ದ. ಕರಾರಿನಲ್ಲೇ ಇತ್ತು: ಡ್ರೈವರ್ ಮೀಲ್, ಒಂದು ಪಾರ್ಸಲ್, ಉಚಿತ.

ದೊಡ್ಡಪ್ಪನ ಮುಖ ಬದಲಾಯಿತು. ನಮ್ಮ ಕಡೆಯ ಪಂಕ್ತಿಗಳೇನೂ ಪವಿತ್ರವಾಗಿರಲಿಲ್ಲ. ಎಲ್ಲರ ಊಟ ಮುಗಿದ ಮೇಲೆ ಕೆಲವರನ್ನು ಹಿತ್ತಲಲ್ಲಿ ಕೂರಿಸಿದ್ದನ್ನು, ಹಳ್ಳಿಯ ಚಹಾದಂಗಡಿಗಳಲ್ಲಿ ಕೆಲವರಿಗೆ ಬೇರೆ ಲೋಟ, ಹೊರಗಿನ ಜಗುಲಿ ಇದ್ದದ್ದನ್ನು ಅವರು ಕಣ್ಣಾರೆ ಕಂಡವರು. ಹೋಟೆಲಿಗೆ ಹೋಗಲು ಜಾತಿ ಅಡ್ಡ ಬರಬಾರದೆಂದು 1950ರಿಂದ ಸಂವಿಧಾನದ 15ನೇ ವಿಧಿ ಹೋಟೆಲಿನ ಹೆಸರು ಹಿಡಿದೇ ಹೇಳುತ್ತದೆ. ಇಲ್ಲಿ ಜಾತಿಯನ್ನು ಯಾರೂ ಕೇಳಿರಲಿಲ್ಲ, ನಿಜ. ಆದರೂ ಒಬ್ಬ ಕೆಳಗೆ ಒಬ್ಬನೇ ಉಣ್ಣುತ್ತಿದ್ದ.

"ಕರ್ಕಂಡು ಬಾ."

"ಸರ್, ಗ್ಯಾರಂಟಿ 28..." ಎಂದು ಮ್ಯಾನೇಜರು ನಕ್ಕರು.

"ಇಪ್ಪತ್ತೊಂಬತ್ತು ಅಂತ ಬರ್ಕಳ್ಳಪ್ಪ," ಎಂದರು ದೊಡ್ಡಪ್ಪ. ಕುರ್ಚಿ ಬಂತು. ಡ್ರೈವರ್ ಅದರ ಅಂಚಿನಲ್ಲಿ ಕೂತು, ತನ್ನದಾಗಲೇ ಆಗಿದೆ ಎಂದ. ಸ್ಟಾಫ್ ಕ್ಯಾಂಟೀನಿನಿಂದ ಕೊಟ್ಟರಂತೆ: ಎರಡು ಮುದ್ದೆ, ಹುರುಳಿಕಾಳಿನ ಬಸ್ಸಾರು, ಈರುಳ್ಳಿ. ಮುದ್ದೆ ಎಷ್ಟು ದಪ್ಪ ಎಂದು ಯಾರೋ ಕೇಳಿದ್ದಕ್ಕೆ ಎರಡೂ ಅಂಗೈ ಕೂಡಿಸಿ ತೋರಿಸಿದ. ಇಪ್ಪತ್ತೆಂಟು ಜನ ಆ ಅಂಗೈಯನ್ನು ನೋಡಿ, ಆಮೇಲೆ ನನ್ನನ್ನು ನೋಡಿದರು.

"ಯಾರ ಜೊತೆ ಉಂಡೆ?" ಎಂದರು ದೊಡ್ಡಪ್ಪ.

"ಒಬ್ನೇ ಸಾರ್."

"ಹಂಗಾದ್ರೆ ಅದು ಊಟ ಅಲ್ಲ. ತಗೋ," ಎಂದು ದೊಡ್ಡಮ್ಮನ ಮುದ್ದೆಯಲ್ಲಿ ಅರ್ಧ ಮುರಿದು ಅವನ ಮುಂದಿಟ್ಟರು.

ಬಿಲ್ಲು ಬಂತು. ಜಿಎಸ್‌ಟಿ 5 ಪರ್ಸೆಂಟು, ಅದು ಸರಿ. ಕೆಳಗೆ ಸರ್ವಿಸ್ ಚಾರ್ಜ್. ಇದಕ್ಕಾಗಿ ನಾನು ಓದಿಕೊಂಡೇ ಹೋಗಿದ್ದೆ. ಕೇಳದೆ ಸರ್ವಿಸ್ ಚಾರ್ಜ್ ಸೇರಿಸಕೂಡದೆಂದು ಕೇಂದ್ರದ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಹೇಳಿದೆ, ದೆಹಲಿ ಹೈಕೋರ್ಟು 2025ರ ಮಾರ್ಚಿನಲ್ಲಿ ಅದನ್ನೇ ಎತ್ತಿಹಿಡಿದಿದೆ ಎಂದು ನಿಂತು ಉಪನ್ಯಾಸ ಕೊಟ್ಟೆ. ಮ್ಯಾನೇಜರು ನಗುತ್ತಲೇ ಅದನ್ನು ಹೊಡೆದುಹಾಕಿದರು. ನಾನು ಗೆದ್ದ ಹುರುಪಿನಲ್ಲಿ ಹಿಂದಿರುಗಿ ನೋಡಿದರೆ, ದೊಡ್ಡಪ್ಪ ಅಷ್ಟೇ ದುಡ್ಡನ್ನು ಎಣಿಸಿ ಬಡಿಸಿದ ಹುಡುಗರ ಕೈಗೆ ಹಾಕುತ್ತಿದ್ದರು.

ಊರಲ್ಲೀಗ ಇಂಥ ವ್ಯವಹಾರಕ್ಕೆಲ್ಲ ನಾನೇ ಬೇಕು. ಫೈಲು ದಪ್ಪವಾಗಿದೆ. ಬರುವ ವರ್ಷ ದೊಡ್ಡಮ್ಮನ ಸರದಿ. ಅದೇ ರೆಸ್ಟೋರೆಂಟು, ಬುಕಿಂಗ್ ಪತ್ರವನ್ನು ನಾನಾಗಲೇ ಬರೆದಿಟ್ಟಿದ್ದೇನೆ. ಮೇಲಿನ ರೂಮು ಬೇಡ, ನೆಲಮಾಳಿಗೆಯಲ್ಲೇ ಒಂದು ಸಾಲು ಚಾಪೆ ಹಾಸಿಕೊಳ್ಳುತ್ತೇವೆ. ಬರುವವರು ಇಪ್ಪತ್ತೊಂಬತ್ತು ಜನ, ಅಷ್ಟೂ ಜನ ಡ್ರೈವರುಗಳು.