ಎರಡು ಕಿವಿಗೆ ಮೂರು ಡಬ್ಬಿ

ಹಾಡು ಕೇಳೋದಕ್ಕೆ ಕಿವಿ ಇದ್ದರೆ ಸಾಲದು ಅನ್ನೋ ಪಂಥವೊಂದು ನಮ್ಮ ಪರಶುರಾಂಪುರಕ್ಕೂ ಕಾಲಿಟ್ಟಿದೆ. ಅದರ ಅಧ್ಯಕ್ಷ, ಖಜಾಂಚಿ, ಏಕೈಕ ಸದಸ್ಯ ಎಲ್ಲಾ ನಮ್ಮ ಭಾವಮೈದನೇ. ಬೆಂಗಳೂರಿನ ಕೆಲಸವನ್ನು ಲ್ಯಾಪ್‌ಟಾಪಿಗೆ ತುಂಬಿಕೊಂಡು ಊರಿಗೆ ಬಂದವನು ಒಂದು ಡ್ಯಾಕ್, ಬ್ಯಾಟರಿ ಹಾಕಿದ ಒಂದು ಆಂಪ್ಲಿಫೈಯರ್, ಯುಎಸ್‌ಬಿ ಕರೆಂಟನ್ನು ಸೋಸುತ್ತದಂತೆ ಅಂತ ಇನ್ನೊಂದು ಪೆಟ್ಟಿಗೆ, ಎಲ್ಲಾ ಮೇಜಿನ ಮೇಲೆ ಸಾಲಾಗಿ ಇಟ್ಟ. ಅವರಮ್ಮ ನೋಡಿ, "ಏನ್ಲಾ ಇದು, ಇರೋ ಎರಡು ಕಿವಿಗೆ ಮೂರು ಡಬ್ಬಿ?" ಅಂದರು.

ತಮಾಷೆ ಪಕ್ಕಕ್ಕಿರಲಿ, ಡಬ್ಬಿಗೂ ಕೆಲಸ ಇದೆ. ಫೈಲಿನಲ್ಲಿರೋದು ಹಾಡಲ್ಲ, ಬರೀ ಅಂಕಿ. 1982ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ.ಯ ಲೆಕ್ಕದಲ್ಲಿ ಒಂದು ಕಿವಿಗೆ ಸೆಕೆಂಡಿಗೆ 44,100 ಅಂಕಿ, ಒಂದೊಂದೂ 16 ಬಿಟ್. ಆ ಅಂಕಿಯನ್ನು ಮತ್ತೆ ವಿದ್ಯುತ್ತಿನ ಅಲೆ ಮಾಡೋದು ಡ್ಯಾಕ್; ಹೆಡ್‌ಫೋನನ್ನು ಕುಣಿಸುವಷ್ಟು ಕಸುವು ಕೊಡೋದು ಆಂಪ್ಲಿಫೈಯರ್. 32 ಓಮ್ ತಡೆಯ ಸಾಮಾನ್ಯ ಹೆಡ್‌ಫೋನಿಗೆ ಫೋನಿನ ಕಸುವೇ ಸಾಕು. 300 ಓಮಿನದಾದರೆ ಆಂಪ್ ಇದ್ದರೆ ಒಳ್ಳೇದು. ಬ್ಲೂಟೂತ್ ಹೆಡ್‌ಫೋನಿನವರಂತೂ ಡ್ಯಾಕಿನ ಆಸೆ ಬಿಡಿ, ಅದರ ಹೊಟ್ಟೆಯೊಳಗೇ ಒಂದಿದೆ.

ನಮ್ಮ ಹುಡುಗನಿಗೆ ಇಷ್ಟು ಸಾಲದು. "ಭಾವ, ಇದು 24 ಬಿಟ್, 192 ಕಿಲೋಹರ್ಟ್ಸ್!" ಅಂತ ಎದೆಯುಬ್ಬಿಸಿದ. ಅಷ್ಟರಲ್ಲಿ 96 ಕಿಲೋಹರ್ಟ್ಸ್‌ವರೆಗಿನ ಸದ್ದು ಹಿಡಿಸುತ್ತೆ ನಿಜ. ಎಳೆಯ ಕಿವಿಗೆ ಕೇಳೋದೇ ಹೆಚ್ಚೆಂದರೆ 20. ವಯಸ್ಸಾದಂತೆ ಅದೂ ಇಳಿಯುತ್ತೆ. ಮಿಕ್ಕಿದ್ದು ಯಾರಿಗಪ್ಪಾ, ಹುಣಸೆ ಮರದ ಬಾವಲಿಗಾ?

ಪರೀಕ್ಷೆಯೂ ಆಯಿತು. 'ಬಂಗಾರದ ಮನುಷ್ಯ'ದ ಹಾಡನ್ನು ಒಮ್ಮೆ ಫೋನಿನಿಂದ, ಒಮ್ಮೆ ಡಬ್ಬಿಯಿಂದ ಅವರಮ್ಮನಿಗೆ ಕೇಳಿಸಿದ. "ಎರಡನೇದು ಚೆಂದಾಗೈತೆ" ಅಂದರು. ಅವನ ಮುಖ ಅರಳಿತು. ಆಂಪಿನ ತಿರುಗಣೆಯನ್ನು ಒಂಚೂರು ಇಳಿಸಿ ಮತ್ತೆ ಕೇಳಿಸಿದಾಗ, "ಈಗ ಮೊದಲನೇದೇ ವಾಸಿ" ಅಂದುಬಿಟ್ಟರು! ಅವರದೇನೂ ತಪ್ಪಿಲ್ಲ. ಕೂದಲೆಳೆಯಷ್ಟು ಜೋರಾಗಿರೋದೇ ಕಿವಿಗೆ ಚೆನ್ನಾಗಿ ಕೇಳೋದು. ಎರಡರ ಸದ್ದನ್ನೂ ಒಂದೇ ಮಟ್ಟಕ್ಕೆ ತರದೆ ಹೋಲಿಸಿದರೆ ಗೆಲ್ಲೋದು ಅಂಗಡಿಯವನು ಮಾತ್ರ.

ಅದಿರಲಿ, 1972ರ ಆ ಚಿತ್ರಕ್ಕೆ ಜಿ.ಕೆ. ವೆಂಕಟೇಶ್ ಮಾಡಿಸಿದ್ದು ಟೇಪಿನ ರೆಕಾರ್ಡಿಂಗು. ಡಬ್ಬಿ ಒಳ್ಳೇದಾದಷ್ಟೂ ಟೇಪಿನ ಸುಯ್‌ಗುಟ್ಟುವಿಕೆಯೂ ಸ್ಪಷ್ಟ. ಮೂಲವೇ ಕೆಟ್ಟಿದ್ದರಂತೂ ಕೇಳಲೇಬೇಡಿ. ನಮ್ಮ ಚಳ್ಳಕೆರೆ ತಾಲ್ಲೂಕಿನ ಜನಪದ ಹಾಡುಗಾರ್ತಿ ಸಿರಿಯಜ್ಜಿ ಓದುಬರಹ ಇಲ್ಲದೆ ಸಾವಿರಾರು ಪದ ನಾಲಿಗೆ ಮೇಲೆ ಇಟ್ಟುಕೊಂಡಿದ್ದವರು. ಅಂಥವರ ಹಾಡನ್ನು ಯಾರೋ ಕಿರಿದು ಮಾಡಿ, ಹಿಂಡಿ, ವಾಟ್ಸಾಪಿಗೆ ಬಿಟ್ಟಿದ್ದರೆ ಯಾವ ಡ್ಯಾಕ್ ತಾನೇ ಏನು ಮಾಡೀತು? ಬೋರಿನಲ್ಲಿ ನೀರಿಲ್ಲದೆ ಮೋಟಾರ್ ಬದಲಾಯಿಸಿದ ಹಾಗೆ.

ನಮ್ಮ ಭಾವಮೈದನ ದೊಡ್ಡ ಕೊರಗು ಗುಂಯ್ ಸದ್ದು. ಹಾಡಿನ ಸಂದುಗೊಂದಿಯಲ್ಲೆಲ್ಲಾ ಜೇನು ಕೂತಿದೆಯೇನೋ ಅನ್ನಿಸೋದು. ಸೋಸೋ ಡಬ್ಬಿ ತಂದಿದ್ದೇ ಅದಕ್ಕೆ, ಸದ್ದು ಜಗ್ಗಲಿಲ್ಲ. ಒಂದು ಸಂಜೆ ಊರಿಗೆ ಊರೇ ಕರೆಂಟ್ ಹೋಯಿತು. ಫ್ಯಾನ್ ನಿಂತಿತು, ಗುಂಯ್ ಕೂಡ ನಿಂತಿತು. ಲ್ಯಾಪ್‌ಟಾಪು ಬ್ಯಾಟರಿಯಲ್ಲಿ ಹಾಡುತ್ತಲೇ ಇತ್ತು, ಪಿ.ಬಿ. ಶ್ರೀನಿವಾಸ್ ಪಕ್ಕದಲ್ಲೇ ಕೂತು ಉಸಿರೆಳೆದ ಹಾಗೆ. "ಭಾವ, ಬನ್ನಿ, ಬೇಗ ಬನ್ನಿ!" ಅಂತ ಕೂಗಿದ. ಕಳ್ಳ ಸಿಕ್ಕಿಬಿದ್ದಿದ್ದ: ಲ್ಯಾಪ್‌ಟಾಪಿನ ಚಾರ್ಜರು. ಗೋಡೆಯ ಸಾಕೆಟ್ಟಿನಲ್ಲಿ ಮೂರು ತೂತೇನೋ ಇದ್ದವು. ಬಿಚ್ಚಿ ನೋಡಿದರೆ ಅರ್ಥಿಂಗ್ ತೂತಿನ ಹಿಂದೆ ವೈರೇ ಇಲ್ಲ. ದುಡ್ಡು ಸುರಿದು ತಂದ ಡಬ್ಬಿ ಮಾಡದ ಕೆಲಸವನ್ನು ಕರೆಂಟ್ ಹೋಗಿದ್ದು ಮಾಡಿತು.

ಹಾಗಾಗಿ ಡಬ್ಬಿ ಈಗಾಗಲೇ ಕೊಂಡುಬಿಟ್ಟಿದ್ದರೆ ಬಿಟ್ಟಿ ಉಪಾಯ ಕೇಳಿ. ಲ್ಯಾಪ್‌ಟಾಪಿನ ವಾಲ್ಯೂಮ್ ಪೂರ್ತಿ ಇಡಿ, ಆಂಪಿನ ತಿರುಗಣೆಯಿಂದಲೇ ಏರಿಸಿ ಇಳಿಸಿ. ಆಂಪಿನಲ್ಲಿ ಕಸುವು ಹೆಚ್ಚು ಕಡಿಮೆ ಮಾಡೋ ಗೇನ್ ಸ್ವಿಚ್ ಇದ್ದರೆ ಕಡಿಮೆಯದರಿಂದ ಶುರು ಮಾಡಿ. ಹಾಡು ಕೇಳೋವಾಗ ಚಾರ್ಜರ್ ಕಿತ್ತು ನೋಡಿ. ಹೆಡ್‌ಫೋನಿನ ಮೆತ್ತೆ ಕಿವಿಯ ಸುತ್ತ ಸರಿಯಾಗಿ ಕೂರಲಿ. ಕನ್ನಡಕದ ಕಡ್ಡಿ ಸಂದು ಬಿಟ್ಟರೂ ತಮಟೆಯ ಗುಂಡು ಸದ್ದು ಸೋರಿಹೋಗುತ್ತೆ. ಸದ್ದಿಗೊಂದು ಮಿತಿಯೂ ಇರಲಿ: ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ದೊಡ್ಡವರಿಗೆ 80 ಡೆಸಿಬೆಲ್, ಅದೂ ವಾರಕ್ಕೆ 40 ಗಂಟೆ.

ಇನ್ನೂ ಕೊಂಡಿಲ್ಲವೋ? ದುಡ್ಡು ಕೈಯಲ್ಲಿ ಕುಣಿಯುತ್ತಿದ್ದರೆ ಮೊದಲು ವೈರಿಂಗಿನವನನ್ನು ಕರೆಸಿ ಅರ್ಥಿಂಗ್ ಮಾಡಿಸಿ. ಮಿಕ್ಕಿದ್ದರಲ್ಲಿ ಒಳ್ಳೆ ಹೆಡ್‌ಫೋನ್ ತಗೊಳ್ಳಿ. ಡ್ಯಾಕಿಗೇನೂ ಅವಸರ ಇಲ್ಲ, ನಿಮ್ಮ ಫೋನಿನಲ್ಲಿ ಒಂದು ಆಗಲೇ ಕೂತಿದೆ.