ಭಾವನವರ ಬುಲೆಟ್ಸ್ ಭಕ್ತಿ

ನಮ್ಮ ಭಾವನಿಗೆ ಮನೆದೇವರು ಮಂಜುನಾಥ. ಹರಕೆಯೆಲ್ಲ ಮಾತ್ರ ಬ್ರಿಸ್ಬೇನ್ ಬುಲೆಟ್ಸ್ ಬಾಸ್ಕೆಟ್‌ಬಾಲ್ ತಂಡಕ್ಕೆ. ಬ್ರಿಸ್ಬೇನಿನ ಸನ್ನಿಬ್ಯಾಂಕಿನಲ್ಲಿರುವ ಅವರ ಮನೆಗೆ ಹೋದರೆ ಕಾಫಿಗಿಂತ ಮೊದಲು 1985 ಬರುತ್ತದೆ. "ಫೈನಲ್ಲಲ್ಲಿ ಅಡಿಲೇಡಿನವರನ್ನ 121–95ಕ್ಕೆ ಮಣ್ಣು ಮುಕ್ಕಿಸಿದ್ವಿ ಕಣಯ್ಯಾ!" ಆ 'ಮುಕ್ಕಿಸಿದ್ವಿ' ಕಾಲದಲ್ಲಿ ಇವರು ಬೆಂಗಳೂರಿನ ಅಂಕಣವೊಂದರಲ್ಲಿ ದೊಡ್ಡವರಿಗೆ ಚೆಂಡು ಹೆಕ್ಕಿಕೊಡುತ್ತಿದ್ದ ಹುಡುಗ, ಬುಲೆಟ್ಸ್ ತಾರೆ ಲೆರಾಯ್ ಲಾಗಿನ್ಸ್ ಎಂಬ ಹೆಸರೂ ಕೇಳಿದವರಲ್ಲ. ಮರುವರ್ಷದ ಫೈನಲ್ಲಲ್ಲಿ ಅಡಿಲೇಡ್ ಸೇಡು ತೀರಿಸಿಕೊಂಡಿತಲ್ಲ ಭಾವ ಎಂದರೆ ಅಡುಗೆಮನೆ ಕಡೆ ತಿರುಗಿ, "ಕಾಫಿ ಆಯ್ತೇನೇ?"

ಪರ್ತ್‌ನಲ್ಲಿರುವ ಅವರ ತಮ್ಮ ಫೋನು ಮಾಡುವುದೇ ಹೊಟ್ಟೆ ಉರಿಸುವುದಕ್ಕೆ. ಅವರೂರಿನ ತಂಡ ವೈಲ್ಡ್‌ಕ್ಯಾಟ್ಸ್‌ಗೆ 10 ಪ್ರಶಸ್ತಿ, ಬುಲೆಟ್ಸ್‌ಗೆ ಮೂರೇ ಮೂರು. ಸಾಲದ್ದಕ್ಕೆ 2008ರಲ್ಲಿ ತಂಡ ಲೀಗನ್ನೇ ಬಿಟ್ಟು ಎಂಟು ವರ್ಷ ನಾಪತ್ತೆ. ಆ ಎಂಟು ವರ್ಷ ಭಾವ ಯಾರಿಗೂ ಜೈ ಅನ್ನಲಿಲ್ಲ. ಅಕ್ಕನ ಪ್ರಕಾರ, ಹಿತ್ತಲಲ್ಲಿ ಹೀರೇಕಾಯಿ ಸರಿಯಾಗಿ ಬಿಟ್ಟದ್ದೂ ಆಗಲೇ.

2016ರಲ್ಲಿ ಬುಲೆಟ್ಸ್ ಮರಳಿತು, ಬಳ್ಳಿ ಒಣಗಿತು. ಈಗ ಅದೇ ಚಪ್ಪರದ ಕಂಬಕ್ಕೆ ಬುಟ್ಟಿ ಬಿಗಿದಿದ್ದಾರೆ. ಮಗಳು ಎಸೆದರೆ ಬುಟ್ಟಿಗೆ. ಇವರು ಎಸೆದದ್ದು ಪಕ್ಕದ ಮನೆಗೆ.