ಗೃಹವಿದ್ಯಾಪೀಠದ ಕುಲಪತಿಗಳು

ಹತ್ತು ಸಹಸ್ರ ಶಿಷ್ಯರಿಗೆ ಅನ್ನವಸ್ತ್ರಗಳನ್ನಿತ್ತು ವಿದ್ಯೆಯನ್ನೂ ಕಲಿಸುತ್ತಿದ್ದ ಕುಲಪತಿಗಳ ವಿಷಯವನ್ನು ನಾವು ಪುರಾಣೇತಿಹಾಸಗಳಲ್ಲಿ ಕೇಳಿದ್ದೇವೆ. ಒಬ್ಬನೇ ಒಬ್ಬ ಶಿಷ್ಯನುಳ್ಳ, ಆ ಶಿಷ್ಯನಾದರೂ ನಾಲ್ಕೂವರೆ ವರ್ಷದ ಸ್ವಂತ ಪುತ್ರನೇ ಆಗಿರುವ, ಅನ್ನ ಕಲಸಿ ಬಾಯಿಗಿಡುವ ಭಾಗವನ್ನು ಪತ್ನಿಗೆ ವಹಿಸಿಕೊಟ್ಟು ಪಠ್ಯಕ್ರಮದ ಭಾಗವನ್ನು ಮಾತ್ರ ತಾವು ಉಳಿಸಿಕೊಂಡಿರುವ ಕುಲಪತಿಗಳನ್ನು ನೋಡಬೇಕೆಂಬ ಅಪೇಕ್ಷೆಯುಳ್ಳವರು ಬೆಂಗಳೂರಿನ ದಕ್ಷಿಣ ಭಾಗದ ಯಾವುದಾದರೊಂದು ಬಹುಮಹಡಿ ವಸತಿಗೃಹಕ್ಕೆ ದಯಮಾಡಿಸಬೇಕು. ನಾಲ್ಕನೆಯ ಅಂತಸ್ತಿನಲ್ಲಿ ಒಬ್ಬರು ಖಂಡಿತವಾಗಿ ಇರುತ್ತಾರೆ. ಏಳನೆಯದರಲ್ಲಿ ಇನ್ನೊಬ್ಬರು ಆಗಬೇಕೆಂದು ಆಲೋಚಿಸುತ್ತಿರುತ್ತಾರೆ.

ಈ ಪದವಿಗೆ ಏರುವ ಮಾರ್ಗ ತತ್ತ್ವಚಿಂತನೆಯದೆಂದು ಭಾವಿಸುವುದು ಭ್ರಮೆ. ನಮ್ಮ ಹಿರಿಯರು ಪುರಾಣವೈರಾಗ್ಯ, ಪ್ರಸೂತಿವೈರಾಗ್ಯ, ಸ್ಮಶಾನವೈರಾಗ್ಯಗಳೆಂದು ಕ್ಷಣಿಕ ವಿರಕ್ತಿಯ ಮೂರು ಭೇದಗಳನ್ನು ಎಣಿಸಿ ನಿಲ್ಲಿಸಿಬಿಟ್ಟರು. ಎಲ್‌ಕೆಜಿ ಪ್ರವೇಶವೈರಾಗ್ಯವೆಂಬ ನಾಲ್ಕನೆಯದು ಅವರ ಕಾಲಕ್ಕೆ ಇನ್ನೂ ಹುಟ್ಟಿರಲಿಲ್ಲ. ನಾನು ಬಲ್ಲ ಕುಲಪತಿಗಳಿಗೆ ಅದು ಪ್ರಾಪ್ತವಾದ ಬಗೆ ಹೀಗೆ: ಅರ್ಜಿಗಾಗಿ ಬೆಳಗಿನ ಜಾವದಲ್ಲಿ ಸಾಲಿನಲ್ಲಿ ನಿಂತು, ತಮ್ಮ ಮತ್ತು ಪತ್ನಿಯ ಪದವಿಪತ್ರಗಳ ಪ್ರತಿಗಳನ್ನು ಒಪ್ಪಿಸಿ, ‘ಈ ಸಂಸ್ಥೆಯಿಂದ ನೀವು ಏನನ್ನು ನಿರೀಕ್ಷಿಸುತ್ತೀರಿ’ ಎಂಬ ಪ್ರಶ್ನೆಗೆ ಇನ್ನೂರು ಪದಗಳಿಗೆ ಮೀರದ ಪ್ರಬಂಧ ರಚಿಸಿ, ಶುಲ್ಕದ ಪಟ್ಟಿಯನ್ನು ಮುಖದ ಸ್ನಾಯುವೊಂದೂ ಅಲುಗದಂತೆ ಓದಿ ಮುಗಿಸಿ, ಕೊನೆಗೆ ಸಪರಿವಾರರಾಗಿ ಪ್ರಾಂಶುಪಾಲೆಯ ಸನ್ನಿಧಿಯಲ್ಲಿ ಕುಳಿತಾಗ, ಆಕೆ ಮಗುವಿಗೆ ಸೇಬಿನ ಚಿತ್ರವೊಂದನ್ನು ತೋರಿಸಿ “ಇದೇನು?” ಎಂದು ಕೇಳಿದರು. ಮಗು “ಚಿತ್ರ” ಎಂದಿತು. ಆಕೆ ಕಾಗದದ ಮೇಲೆ ಏನನ್ನೋ ಗುರುತುಹಾಕಿಕೊಂಡರು. ಆ ಉತ್ತರದ ತರ್ಕಶುದ್ಧಿಯನ್ನು ಗ್ರಹಿಸಲಾರದ ಸಂಸ್ಥೆಗೆ ತಮ್ಮ ಪುತ್ರನನ್ನು ಒಪ್ಪಿಸಲಾಗದೆಂದು ಕುಲಪತಿಗಳು ಲಿಫ್ಟಿನಲ್ಲಿ ಇಳಿಯುವಾಗಲೇ ಪ್ರತಿಜ್ಞೆ ಮಾಡಿದರು. ಪ್ರವೇಶ ದೊರೆತಿಲ್ಲವೆಂಬ ಪತ್ರ ಬಂದದ್ದು ಅನಂತರ; ಪ್ರತಿಜ್ಞೆಯೇ ಮೊದಲಿನದೆಂಬುದನ್ನು ಅವರು ಇಂದಿಗೂ ಒತ್ತಿ ಹೇಳುತ್ತಾರೆ.

ಪ್ರತಿಜ್ಞೆಯ ಬೆನ್ನಿಗೆ ಅಧ್ಯಯನ ಆರಂಭವಾಯಿತು, ಮಗುವಿನದಲ್ಲ. 1907ರಲ್ಲಿ ರೋಮ್ ನಗರದ ಬಡವರ ಕೇರಿಯೊಂದರಲ್ಲಿ ಮಕ್ಕಳ ಮನೆಯನ್ನು ತೆರೆದು, 1939ರಲ್ಲಿ ಮದರಾಸಿನ ಅಡಯಾರಿಗೇ ಬಂದು ಉಪಾಧ್ಯಾಯರನ್ನು ತರಬೇತುಗೊಳಿಸಿದ ಮರಿಯಾ ಮಾಂಟೆಸ್ಸೊರಿಯವರಿಂದ ಹಿಡಿದು, 1919ರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟಿನ ಸಿಗರೇಟು ಕಾರ್ಖಾನೆಯ ಕೆಲಸಗಾರರ ಮಕ್ಕಳಿಗಾಗಿ ವಾಲ್ಡಾರ್ಫ್ ಶಾಲೆಯನ್ನು ಸ್ಥಾಪಿಸಿದ ರುಡಾಲ್ಫ್ ಸ್ಟೈನರ್, ಮಕ್ಕಳು ಶಾಲೆಯಲ್ಲಿ ಸೋಲುವುದೇಕೆಂದು 1964ರಲ್ಲಿ ಪುಸ್ತಕ ಬರೆದ ಉಪಾಧ್ಯಾಯ ಜಾನ್ ಹೋಲ್ಟ್, ಸಮಾಜವನ್ನೇ ಶಾಲೆಯ ಹಿಡಿತದಿಂದ ಬಿಡಿಸಬೇಕೆಂದು 1971ರಲ್ಲಿ ಸಾರಿದ ಇವಾನ್ ಇಲಿಚ್, ಇವರವರೆಗೆ ಸಕಲರೂ ಮನೆಗೆ ಬಂದು ಕಪಾಟಿನಲ್ಲಿ ಆಸೀನರಾದರು. ಗಾಂಧೀಜಿಯವರು ತಮ್ಮ ಮಕ್ಕಳನ್ನು ಶಾಲೆಗೆ ಕಳುಹಿಸದೆ ತಾವೇ ಕಲಿಸಲು ಹೊರಟರೆಂಬ ಭಾಗದ ಕೆಳಗೆ ಕೆಂಪುಗೆರೆ ಬಿದ್ದಿತು. ಆ ಮಕ್ಕಳಿಗೆ, ಅದರಲ್ಲಿಯೂ ಹಿರಿಯರಾದ ಹರಿಲಾಲರಿಗೆ, ಈ ವಿಷಯದಲ್ಲಿ ತಂದೆಯ ಮೇಲೆ ಅಸಮಾಧಾನವಿತ್ತೆಂಬ ಭಾಗವಿರುವ ಪುಟಗಳು ಮಾತ್ರ ಅಚ್ಚುಕೂಟದಿಂದ ಬಂದಷ್ಟೇ ಶುಭ್ರವಾಗಿ ಉಳಿದವು. ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ನಡೆಸಿದ ಪ್ರಯೋಗಗಳನ್ನೂ, 1936ರಷ್ಟು ಹಿಂದೆಯೇ ಅವರು ಕನ್ನಡದ ಮಕ್ಕಳಿಗೆ ಮೂರು ಸಂಪುಟಗಳಲ್ಲಿ ಕೊಟ್ಟ ‘ಬಾಲ ಪ್ರಪಂಚ’ವನ್ನೂ ನಾನು ಸಂಕೋಚದಿಂದಲೇ ನೆನಪಿಸಿದೆ. ಕುಲಪತಿಗಳು ಆಸಕ್ತಿಯಿಂದ ಕೇಳಿ, ಅದರ ಪಿಡಿಎಫ್ ಸಿಕ್ಕೀತೆ ಎಂದು ವಿಚಾರಿಸಿ, ಸಿಕ್ಕರೆ ಇಂಗ್ಲಿಷಿನಲ್ಲಿ ಇರುತ್ತದೆಯೇ ಎಂದೂ ವಿಚಾರಿಸಿದರು.

ಈ ಮಹನೀಯರಲ್ಲಿ ಒಬ್ಬರು ಹೇಳಿದ್ದನ್ನು ಮತ್ತೊಬ್ಬರು ಒಪ್ಪುವುದಿಲ್ಲವೆಂಬುದೇ ಇಲ್ಲಿನ ತೊಡಕು. ಮಾಂಟೆಸ್ಸೊರಿಯವರ ಮಗು ನಾಲ್ಕನೆಯ ವಯಸ್ಸಿಗೆ ಉಜ್ಜುಕಾಗದದ ಅಕ್ಷರಗಳನ್ನು ಬೆರಳಿನಿಂದ ತಡವಿ ಕಲಿಯುತ್ತದೆ, ಯಕ್ಷಿಣಿಯ ಕಥೆಗಳಿಂದ ದೂರವಿರುತ್ತದೆ. ಸ್ಟೈನರರ ಮಗು ಹಾಲುಹಲ್ಲು ಬೀಳುವವರೆಗೆ ಅಕ್ಷರದ ಗೋಜಿಗೆ ಹೋಗದು, ಅದಕ್ಕೆ ಬೇಕಾದದ್ದು ಯಕ್ಷಿಣಿಯ ಕಥೆಗಳೇ. ಮೂರು ಮತಗಳನ್ನು ಕಂಡ ಈ ನಾಡಿನವರಿಗೆ ಸಮನ್ವಯವೇನೂ ಅಸಾಧ್ಯವಲ್ಲವಷ್ಟೆ. ನಮ್ಮ ಕುಲಪತಿಗಳು ಎಕ್ಸೆಲ್ ಹಾಳೆಯ ಮೇಲೆ ಪೂರ್ವಾಹ್ಣವನ್ನು ಮಾಂಟೆಸ್ಸೊರಿಯವರಿಗೂ ಅಪರಾಹ್ಣವನ್ನು ಸ್ಟೈನರರಿಗೂ ಹಂಚಿ, ಶುಕ್ರವಾರವನ್ನು ಇಡಿಯಾಗಿ ಇಲಿಚ್ ಅವರಿಗೆ ಮೀಸಲಿಟ್ಟರು; ಅಂದು ಏನನ್ನೂ ಕಲಿಸತಕ್ಕದ್ದಲ್ಲ, ಮತ್ತು ಈ ಕಲಿಸದಿರುವಿಕೆಯು ಒಂಬತ್ತು ಗಂಟೆಗೆ ಸರಿಯಾಗಿ ಆರಂಭವಾಗತಕ್ಕದ್ದು.

ಇಷ್ಟರಲ್ಲಿ ಇನ್ನೊಂದು ವಿಘ್ನ ತಲೆದೋರಿತು. ಈ ಪಂಥದವರಲ್ಲಿ ‘ಡಿಸ್ಕೂಲಿಂಗ್’ ಎಂಬ ಪ್ರಾಯಶ್ಚಿತ್ತವೊಂದುಂಟು. ಶಾಲೆ ಬಿಟ್ಟು ಬಂದ ಜೀವಕ್ಕೆ ಶಾಲೆಯ ಸಂಸ್ಕಾರ ಕಳೆಯಬೇಕಾದರೆ, ಅಲ್ಲಿ ಕಳೆದ ಒಂದೊಂದು ವರ್ಷಕ್ಕೆ ಒಂದೊಂದು ತಿಂಗಳು ಸುಮ್ಮನಿರಬೇಕೆಂಬುದು ಅವರಲ್ಲಿ ರೂಢಿಯ ಲೆಕ್ಕ. ಮಗು ಶಾಲೆಯ ಹೊಸಿಲನ್ನೇ ತುಳಿದಿಲ್ಲವಾದ್ದರಿಂದ ಅದು ಪರಿಶುದ್ಧ, ಮೈಲಿಗೆಯೇನಿದ್ದರೂ ತಂದೆಯದು. ಎಲ್‌ಕೆಜಿಯಿಂದ ಎಂಬಿಎ ವರೆಗೆ ಲೆಕ್ಕ ಹಾಕಿದಾಗ ಇಪ್ಪತ್ತು ವರ್ಷಗಳಾಗಿ, ಕುಲಪತಿಗಳು ಇಪ್ಪತ್ತು ತಿಂಗಳು ಏನೂ ಮಾಡದೆ ಕೂರಬೇಕೆಂದು ಸಿದ್ಧವಾಯಿತು. ಅಷ್ಟರಲ್ಲಿ ಮಗನಿಗೆ ಆರು ತುಂಬಿ ಎರಡು ತಿಂಗಳಾಗಿರುತ್ತದೆ. ಆದಕಾರಣ ಅವರು ಕಚೇರಿಗೆ ಒಂದು ವಾರ ರಜೆ ಹಾಕಿ ಅದನ್ನು ಕ್ರ್ಯಾಶ್ ಕೋರ್ಸಿನ ಕ್ರಮದಲ್ಲಿ ಮುಗಿಸಿದರು.

ಆರು ತುಂಬುವ ವಿಷಯ ಬಂದದ್ದರಿಂದ ಶಾಸನದ ಮಾತನ್ನೂ ಹೇಳಿಬಿಡುತ್ತೇನೆ. 2009ರ ಶಿಕ್ಷಣ ಹಕ್ಕು ಕಾಯಿದೆ 2010ರ ಏಪ್ರಿಲ್ ಒಂದರಿಂದ ಜಾರಿಯಲ್ಲಿದೆ; ಆರರಿಂದ ಹದಿನಾಲ್ಕರವರೆಗಿನ ಮಕ್ಕಳನ್ನು ನೆರೆಯ ಶಾಲೆಗೆ ಸೇರಿಸುವುದು ತಂದೆತಾಯಿಗಳ ಕರ್ತವ್ಯವೆಂದು ಅದರ ಹತ್ತನೆಯ ಪ್ರಕರಣ ಹೇಳುತ್ತದೆ, ಸೇರಿಸದ ತಂದೆತಾಯಿಗಳಿಗೆ ಶಿಕ್ಷೆಯೇನೆಂಬುದನ್ನು ಹೇಳುವುದಿಲ್ಲ. ಈ ಮೌನದಲ್ಲಿಯೇ ದೇಶದ ಗೃಹವಿದ್ಯಾಪೀಠಗಳೆಲ್ಲ ನೆಲೆಗೊಂಡಿವೆ. ಹದಿನಾಲ್ಕು ತುಂಬಿದ ಮೇಲೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ ಹತ್ತನೆಯ ತರಗತಿಯ ಪರೀಕ್ಷೆಗೆ ನೇರವಾಗಿ ಕೂರಬಹುದೆಂಬುದನ್ನು ಸೇರಿಸಿ ಕುಲಪತಿಗಳು ನಾಲ್ಕು ಪುಟದ ಶ್ವೇತಪತ್ರವೊಂದನ್ನು ಸಿದ್ಧಪಡಿಸಿ ಬಂಧುಗಳ ವಾಟ್ಸಾಪ್ ಗುಂಪಿಗೆ ಬಿಡುಗಡೆ ಮಾಡಿದರು. ಹಾಸನದ ಸೋದರಮಾವನವರು ಪೂರ್ತಿ ಓದಿ ಒಂದೇ ಒಂದು ಸಂದೇಹವನ್ನು ಎತ್ತಿದರು: “ಅದೆಲ್ಲಾ ಸರಿ, ಮುಂಜಿಯಲ್ಲಿ ಯಾವ ಸ್ಕೂಲು ಅಂತ ಕೇಳಿದವರಿಗೆ ಏನು ಹೇಳೋದು?”

ಇನ್ನು ಸಾಮಗ್ರಿ. ಅತಿಥಿಗಳ ಕೋಣೆಯನ್ನು ವಿದ್ಯಾಪೀಠಕ್ಕೆ ವಶಪಡಿಸಿಕೊಂಡದ್ದರಿಂದ ಅತಿಥಿಗಳು ಬರುವುದನ್ನು ನಿಲ್ಲಿಸಿದರು. ಒಂದು ಸೆಂಟಿಮೀಟರಿನಿಂದ ಹತ್ತು ಸೆಂಟಿಮೀಟರಿನವರೆಗೆ ಕ್ರಮವಾಗಿ ಬೆಳೆಯುವ ಹತ್ತು ಘನಾಕೃತಿಗಳ ಗುಲಾಬಿ ಗೋಪುರವು ಯೂರೋಪಿನಿಂದ ಸುಂಕ ತೆತ್ತು ಬಂದಿತು. ಹಾಲೆಮರವನ್ನು ಕಡೆದು ಅರಗಿನ ಬಣ್ಣ ಹಚ್ಚಿ ಗೊಂಬೆಗಳನ್ನು ಮಾಡುವ ಚನ್ನಪಟ್ಟಣ ಮೈಸೂರು ರಸ್ತೆಯಲ್ಲಿ ಸುಮಾರು ಅರುವತ್ತು ಕಿಲೋಮೀಟರು ದೂರದಲ್ಲಿಯೇ ಇದೆಯೆಂಬುದು ಆಗ ಯಾರ ನೆನಪಿಗೂ ಬರಲಿಲ್ಲ. ಲ್ಯಾಮಿನೇಷನ್ ಯಂತ್ರವೊಂದು ಬಂದ ಮೇಲಂತೂ ಮನೆಯಲ್ಲಿ ಪ್ಲಾಸ್ಟಿಕ್ಕಿನ ಕವಚ ತೊಡದೆ ಉಳಿದ ಕಾಗದವೇ ಇಲ್ಲವಾಗಿ, ಹಾಲಿನವನ ಲೆಕ್ಕದ ಚೀಟಿಯೂ ಚಿರಂಜೀವಿಯಾಯಿತು. ಗೃಹಿಣಿ, ಅವರನ್ನು ಕುಲಸಚಿವರೆಂದು ಕರೆಯುವುದೇ ಯುಕ್ತ, ತಾವೂ ಬ್ಯಾಂಕಿನ ಉದ್ಯೋಗದಲ್ಲಿರುವವರು, ಎಲ್ಲವನ್ನೂ ನೋಡಿ ಕಡತದಲ್ಲಿ ಒಂದು ಸಾಲನ್ನು ಮಾತ್ರ ದಾಖಲಿಸಿದರು: “ನಾವಿಬ್ಬರೂ ಕೆಲಸಕ್ಕೆ ಕೂತಾಗ ಇವನ ಹತ್ತಿರ ಯಾರಿರ್ತಾರೆ?” ಆ ಪ್ರಶ್ನೆಯನ್ನು ಉಪಸಮಿತಿಗೆ ಒಪ್ಪಿಸಲಾಗಿದೆ.

ವಿಜಯದಶಮಿಯಂದು, ಇಲಿಚ್ ಅವರ ಅನುಮತಿಯಿಲ್ಲದೆ, ತಟ್ಟೆಯಲ್ಲಿ ಅಕ್ಕಿ ಹರಡಿ ಅಕ್ಷರಾಭ್ಯಾಸವಾಯಿತು. ಮಾರನೆಯ ಸೋಮವಾರದಿಂದ ತರಗತಿ. ಪೂಜೆಯ ಗಂಟೆಯನ್ನು ಬಾರಿಸಿ ಕುಲಪತಿಗಳು ‘ಮುಕ್ತ ಕಲಿಕೆ’ಯ ಮೊದಲನೆಯ ಅವಧಿಯನ್ನು ನಲವತ್ತು ನಿಮಿಷ ನಡೆಸಿ ಮತ್ತೆ ಗಂಟೆ ಬಾರಿಸಿದಾಗ, ಶಿಷ್ಯನು ಎದ್ದು ಬಂದು ತಂದೆಯ ಬೆರಳು ಹಿಡಿದು “ಬೆಲ್ ಆಯ್ತಲ್ಲ, ಇನ್ನು ಮನೆಗೆ ಹೋಗೋಣ್ವಾ?” ಎಂದನು. ಗುಲಾಬಿ ಗೋಪುರವನ್ನು ಅವನು ಕಟ್ಟಲಿಲ್ಲ. ಹತ್ತು ಘನಗಳನ್ನೂ ಬಾಗಿಲ ಬಳಿ ಹರಡಿಕೊಂಡು ಮಿಠಾಯಿ ಅಂಗಡಿ ತೆರೆದನು. ಈ ವಾಣಿಜ್ಯವು ಮಾಂಟೆಸ್ಸೊರಿಯವರ ಅಧಿಪತ್ಯದ ಹನ್ನೊಂದು ಗಂಟೆಯಲ್ಲಿ ನಡೆದರೆ ಅಪರಾಧವೆಂದೂ, ಸ್ಟೈನರರ ಅಧಿಪತ್ಯದ ಎರಡು ಗಂಟೆಯಲ್ಲಿ ನಡೆದರೆ ಕಲ್ಪನಾಶಕ್ತಿಯ ವಿಕಾಸವೆಂದೂ ದಾಖಲೆಯಾಗುತ್ತಿದ್ದುದರಿಂದ ವ್ಯಾಪಾರಿಗೆ ಸಹಜವಾಗಿಯೇ ಗಲಿಬಿಲಿಯಾಗಿ, ಅವನು ಶುಕ್ರವಾರಕ್ಕಾಗಿ ಕಾಯಲಾರಂಭಿಸಿದನು. ಅತ್ಯಂತ ಚಿಕ್ಕ ಘನವನ್ನು ಯಾರೋ ಕೊಂಡುಕೊಂಡು ಹೋದರೆಂದು ಹೇಳುತ್ತಾನೆ. ಅದು ಈವರೆಗೆ ಸಿಕ್ಕಿಲ್ಲ.

ಭೂವಿಜ್ಞಾನದ ಸಲುವಾಗಿ ಒಮ್ಮೆ ಲಾಲ್‌ಬಾಗಿನ ಬಂಡೆಗೆ ಹೋದಾಗ ನಾನೂ ಜೊತೆಗಿದ್ದೆ. ಮುನ್ನೂರು ಕೋಟಿ ವರ್ಷಗಳಷ್ಟು ಪ್ರಾಚೀನವಾದ ಆ ನೈಸ್ ಶಿಲೆಯ ಮೇಲೆ ನಿಂತು ಶಿಷ್ಯನು “ಇದನ್ನ ಯಾರು ತಂದು ಹಾಕಿದ್ದು?” ಎಂದು ಕೇಳಿದನು. ಶೈಕ್ಷಣಿಕ ದೃಷ್ಟಿಯಿಂದ ಇದಕ್ಕಿಂತ ಅಮೂಲ್ಯವಾದ ಮುಹೂರ್ತ ಮತ್ತಾವುದಿದ್ದೀತು? ಕುಲಪತಿಗಳು ಶಿಲಾರಸ, ಒತ್ತಡ, ಉಷ್ಣತೆಗಳಿಂದ ತೊಡಗಿ ಇನ್ನೇನು ಭೂಖಂಡಗಳ ಚಲನೆಗೆ ಬರಬೇಕು, ಪಕ್ಕದಲ್ಲಿ ಕಡಲೆಕಾಯಿ ಮಾರುತ್ತಿದ್ದವನು ಮೇಲಿದ್ದ ಗೋಪುರದ ಕಡೆ ಕೈತೋರಿಸಿ “ಕೆಂಪೇಗೌಡ್ರು, ಮರಿ” ಎಂದುಬಿಟ್ಟನು. ಶಿಷ್ಯನಿಗೆ ಪೂರ್ಣ ಸಮಾಧಾನವಾಯಿತು. ಆ ಸಮಾಧಾನವನ್ನು ಕದಲಿಸುವುದು ಈವರೆಗೆ ಯಾವ ಪಠ್ಯಕ್ರಮಕ್ಕೂ ಸಾಧ್ಯವಾಗಿಲ್ಲ.

ಮಕ್ಕಳಿಗೆ ಮನೆಯಲ್ಲಿಯೇ ನಿಜವಾಗಿ ಕಲಿಸುತ್ತಿರುವ ದಂಪತಿಗಳೂ ಈ ಊರಿನಲ್ಲಿದ್ದಾರೆ. ತಮ್ಮ ವರಮಾನವನ್ನೂ ವಿರಾಮವನ್ನೂ ಸದ್ದಿಲ್ಲದೆ ಒತ್ತೆಯಿಟ್ಟಿರುವ ಅವರನ್ನು ನಾನು ಗೌರವಿಸುತ್ತೇನೆ. ಈ ವಿಷಯವಾಗಿ ಅವರು ಮಾತೇ ಆಡದಿರುವುದರಿಂದ ಅವರ ವ್ಯಕ್ತಿಚಿತ್ರ ಬರೆಯುವುದು ಕಷ್ಟ.

ಬೆಳಗಿನ ಹತ್ತು ಗಂಟೆಗೆ ಕಚೇರಿಯ ಮೀಟಿಂಗುಗಳು ಮೊದಲಾಗುತ್ತಿದ್ದುದರಿಂದ ವೇಳಾಪಟ್ಟಿಯಲ್ಲಿ ‘ಸ್ವಾಧ್ಯಾಯ’ವೆಂಬ ಅವಧಿ ಮೊದಲು ಒಂದಾಗಿ, ಆಮೇಲೆ ಎರಡಾಗಿ, ಕ್ರಮೇಣ ಇಡಿಯ ಪೂರ್ವಾಹ್ಣವನ್ನು ನುಂಗಿಕೊಂಡಿತು. ಸ್ವಾಧ್ಯಾಯನಿರತನಾದ ಶಿಷ್ಯನು ಬಾಲ್ಕನಿಯ ಸರಳುಗಳನ್ನು ಹಿಡಿದುಕೊಂಡು, ಕೆಳಗೆ ಹಳದಿ ಬಣ್ಣದ ಶಾಲಾವ್ಯಾನು ಬಂದು ಎರಡನೆಯ ಅಂತಸ್ತಿನ ಮಕ್ಕಳನ್ನು ಹತ್ತಿಸಿಕೊಳ್ಳುವುದನ್ನು ನೋಡುತ್ತಿದ್ದು, ಒಂದು ದಿನ ತನಗೂ ಟೈ, ಬೆಲ್ಟು, ನೀರಿನ ಬಾಟಲು ಮತ್ತು ವ್ಯಾನು ಬೇಕೆಂದು ಹಠ ಹಿಡಿದನು. ಮೊದಲಿನ ಮೂರನ್ನು ಕುಲಪತಿಗಳು ಒದಗಿಸಿಕೊಟ್ಟರು, ಕೊರಳಿಗೆ ಲ್ಯಾಮಿನೇಟು ಮಾಡಿದ ಗುರುತಿನ ಚೀಟಿಯನ್ನೂ ಹಾಕಿದರು; ವ್ಯಾನಿನ ವಿಷಯದಲ್ಲಿ ಸೋತರು. ಈಗ ಅವನು ಬೆಳಿಗ್ಗೆ ಒಂಬತ್ತರಿಂದ ಹನ್ನೆರಡೂವರೆಯವರೆಗೆ ಹಿಂದಿನ ರಸ್ತೆಯ ಶಿಶುವಿಹಾರಕ್ಕೆ ವ್ಯಾನಿನಲ್ಲಿಯೇ ಹೋಗಿಬರುತ್ತಾನೆ. ಅದು ಶಾಲೆಯಲ್ಲ, ‘ಸೋಶಿಯಲೈಸೇಶನ್’ ಮಾತ್ರವೆಂದು ಕುಲಪತಿಗಳ ವಿವರಣೆ. ವಿದ್ಯಾಪೀಠದ ದಾಖಲೆಯಲ್ಲಿ ಅದಕ್ಕೆ ‘ಕ್ಷೇತ್ರಕಾರ್ಯ’ವೆಂದು ಹೆಸರು. ಅಲ್ಲಿ ಸೇಬಿನ ಚಿತ್ರ ತೋರಿಸಿದರೆ “ಆ್ಯಪಲ್” ಎನ್ನುತ್ತಾನೆಂದು ಕೇಳಿದ್ದೇನೆ.

ಇದರಿಂದ ಕುಲಪತಿಗಳ ಪ್ರತಿಷ್ಠೆಗೆ ಕಿಂಚಿತ್ತೂ ಕುಂದು ಬಂದಿಲ್ಲ. ಪೂರ್ವಾಹ್ಣಗಳು ಬಿಡುವಾದ ಮೇಲೆ ಅವರಿಗೆ ಈ ವಿಷಯದಲ್ಲಿ ಇತರರಿಗೆ ಮಾರ್ಗದರ್ಶನ ಮಾಡಲು ಅವಕಾಶ ಹೆಚ್ಚಿದ್ದು, ಏಳನೆಯ ಅಂತಸ್ತಿನವರು ಆಗಲೇ ದೀಕ್ಷೆ ಪಡೆದಿದ್ದಾರೆ. ಬರುವ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಕಬ್ಬನ್ ಪಾರ್ಕಿನ ಬಿದಿರುಮೆಳೆಯ ಬಳಿ ‘ಮನೆಯೇ ಪಾಠಶಾಲೆ’ ಎಂಬ ವಿಷಯವಾಗಿ ಅವರ ಉಪನ್ಯಾಸವಿದೆ. ಪ್ರವೇಶ ಉಚಿತ, ಮಕ್ಕಳನ್ನು ಕರೆತರಬಾರದಾಗಿ ಪ್ರಾರ್ಥನೆ.